ಥ್ಯಾಕರೆಯ ಕಾಕಾ ಮತ್ತು ನಮ್ಮ ಕಿತ್ತೂರು

ಖಾನಾಪುರದ ಮಳೆಯನ್ನು ನಮ್ಮ ಶಾಲೆಯಲ್ಲಿ ಓದಿದವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಮಲಪ್ರಭೆ ತುಂಬಿ ಹಳ್ಳಿಗಳ ದಾರಿ ಬಂದಾದ ದಿನ ತರಗತಿಯಲ್ಲಿ ಹತ್ತು-ಹನ್ನೆರಡು ಮಕ್ಕಳು ಇದ್ದರೆ ಹೆಚ್ಚು. ಅಂಥ ದಿನ ಹೊಸ ಪಾಠ ಆರಂಭಿಸುವುದು ಬಾರದಿದ್ದವರಿಗೆ ಮಾಡುವ ಅನ್ಯಾಯವೆಂದು ನಾನು ಯಾವುದಾದರೊಂದು ಇಂಗ್ಲಿಷ್ ಕಾದಂಬರಿಯ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಡಿಕನ್ಸನ ಆಲಿವರ್‌ನನ್ನು, ಹಾರ್ಡಿಯ ಟೆಸ್‌ಳನ್ನು ನೀವು ಕೇಳಿದ್ದು ಹಾಗೆಯೇ. ಅಂಥದೇ ಒಂದು ದಿನ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ 'ವ್ಯಾನಿಟಿ ಫೇರ್' ಕಥೆಯನ್ನು ಹೇಳಲು ತೊಡಗಿ, ಕರಿಹಲಗೆಯ ಮೇಲೆ ಲೇಖಕನ ಹೆಸರನ್ನು ಬರೆದೆ. ಹಿಂದಿನ ಬೆಂಚಿನಿಂದ ನಂದಗಡದ ಕಡೆಯ ಹುಡುಗನೊಬ್ಬ ಎದ್ದು ನಿಂತ.

"ಸರ್, ಈ ಥ್ಯಾಕರೆ ಅಂದ್ರ ಕಿತ್ತೂರಾಗ ಸತ್ತಾನಲ್ರಿ, ಅವರ ಮಂದಿನ ಏನ್ರಿ?"

ಹಿಂದಿನ ವಾರವಷ್ಟೇ ಅದೇ ತರಗತಿಗೆ ನಾನೇ ಇತಿಹಾಸದಲ್ಲಿ ಕಿತ್ತೂರಿನ ಪಾಠ ಮಾಡಿದ್ದೆ. ಪ್ರಶ್ನೆ ಸಹಜವಾಗಿತ್ತು. ನಾನು ಕೊಟ್ಟ ಉತ್ತರ ಇದು: "ಹೆಸರು ಒಂದಾದ್ರ ಮನಿತನ ಒಂದಾಗೂದಿಲ್ಲೋ. ನಮ್ಮೂರಾಗ ಎಷ್ಟು ಮಂದಿ ಪಾಟೀಲರದಾರ? ಕೂಡು." ತರಗತಿಯೆಲ್ಲ ನಕ್ಕಿತು. ಹುಡುಗ ತಲೆ ತಗ್ಗಿಸಿ ಕುಳಿತ.

ಆ ಹುಡುಗ ಸರಿಯಾಗಿದ್ದ. ನಾನು ತಪ್ಪಿದ್ದೆ. ಇದನ್ನು ಇಷ್ಟು ವರ್ಷಗಳ ಮೇಲೆ ಬರೆಯುವುದಕ್ಕೆ ಕಾರಣ ನನ್ನ ಪಶ್ಚಾತ್ತಾಪವೊಂದೇ ಅಲ್ಲ. ನನ್ನ ಅಜ್ಞಾನ ನನ್ನೊಬ್ಬನದಾಗಿರಲಿಲ್ಲ. ಅದನ್ನು ನನಗಿಂತ ದೊಡ್ಡವರು, ಇಂಗ್ಲೆಂಡ್ ಅಮೆರಿಕಗಳ ಪಂಡಿತರು ಮತ್ತು ನಮ್ಮವರೇ ಆದ ಪ್ರಾಧ್ಯಾಪಕರು, ಚೊಕ್ಕಟವಾಗಿ ಕಟ್ಟಿಕೊಟ್ಟಿದ್ದರು. ಅವರೊಡನೆ ನನ್ನದೊಂದು ಜಗಳವಿದೆ. ಅದನ್ನು ಇಲ್ಲಿ ದಾಖಲಿಸುತ್ತೇನೆ.

ಆ ಘಟನೆಯಾಗಿ ಹದಿನೈದು ವರ್ಷಗಳಾದ ಮೇಲೆ ಧಾರವಾಡದ ಗ್ರಂಥಾಲಯವೊಂದರಲ್ಲಿ ಸರ್ ವಿಲಿಯಂ ವಿಲ್ಸನ್ ಹಂಟರ್ 1897ರಲ್ಲಿ ಪ್ರಕಟಿಸಿದ 'ದಿ ಥ್ಯಾಕರೇಸ್ ಇನ್ ಇಂಡಿಯಾ' ಎಂಬ ಸಣ್ಣ ಪುಸ್ತಕ ನನ್ನ ಕೈಗೆ ಬಂತು. ಮಧ್ಯಾಹ್ನದ ಬಸ್ಸಿಗೆ ಹೊತ್ತಿತ್ತೆಂದು ಪುಟ ತಿರುವುತ್ತಿದ್ದವನಿಗೆ 'ಕಿತ್ತೂರು' ಎಂಬ ಹೆಸರು ಕಣ್ಣಿಗೆ ಬಿತ್ತು. ಬಸ್ಸು ತಪ್ಪಿತು.

ಸಂಬಂಧ ಹೀಗಿದೆ. ಕಾದಂಬರಿಕಾರನ ಅಜ್ಜ, ಅವನ ಹೆಸರೂ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯೇ, ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಬಂಗಾಳಕ್ಕೆ ಬಂದು, ಸಿಲ್ಹೆಟ್‌ನಲ್ಲಿ ಆನೆ ಹಿಡಿಸಿ ಕಂಪನಿಗೇ ಮಾರಿ ದುಡ್ಡು ಮಾಡಿಕೊಂಡು ಹಿಂದಿರುಗಿದವನು. ಅವನ ಗಂಡುಮಕ್ಕಳಲ್ಲಿ ಹಲವರು ಹಿಂದೂಸ್ಥಾನದ ನೌಕರಿ ಹಿಡಿದರು. ವಿಲಿಯಂ ಎಂಬವನು ಮದ್ರಾಸ್ ಪ್ರಾಂತದಲ್ಲಿ ಥಾಮಸ್ ಮನ್ರೋನ ಕೈಕೆಳಗೆ ಕೆಲಸ ಮಾಡಿದ. ರಿಚ್ಮಂಡ್ ಎಂಬವನು ಬಂಗಾಳದಲ್ಲಿ ಇಪ್ಪತ್ನಾಲ್ಕು ಪರಗಣಗಳ ಕಲೆಕ್ಟರನಾದ. ಅವನ ಮಗನೇ 1811ರ ಜುಲೈ 18ರಂದು ಕಲ್ಕತ್ತೆಯಲ್ಲಿ ಹುಟ್ಟಿದ ನಮ್ಮ ಕಾದಂಬರಿಕಾರ. ರಿಚ್ಮಂಡನ ತಮ್ಮ ಸೇಂಟ್ ಜಾನ್ ಥ್ಯಾಕರೆ ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜಂಟನೂ ಆದ. (ಇಲ್ಲಿ 'ಸೇಂಟ್' ಎಂಬುದು ಅವನಿಗೆ ಇಟ್ಟ ಹೆಸರಿನ ಭಾಗ, ಸಂತನೆಂದು ಯಾರೂ ಕೈಮುಗಿಯಬೇಕಾಗಿಲ್ಲ.) ಅಂದರೆ ಕಿತ್ತೂರಿನಲ್ಲಿ ಮಡಿದ ಕಲೆಕ್ಟರ್ 'ವ್ಯಾನಿಟಿ ಫೇರ್' ಬರೆದವನಿಗೆ ಸ್ವಂತ ಚಿಕ್ಕಪ್ಪ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಖಾಸ ಕಾಕಾ. ಗಡಿನಾಡಿನವರಾದ ನಮಗೆ ಈ ಹೆಸರು ಮುಂಬಯಿಯ ದೆಸೆಯಿಂದ ಇನ್ನೊಂದು ಕಾರಣಕ್ಕೂ ಪರಿಚಿತ. ಆ ಠಾಕರೆ ಮನೆತನ ಬೇರೆ, ಆ ಜಗಳವೂ ಬೇರೆ. ಅದನ್ನು ಇಲ್ಲಿ ಎಳೆದು ತರುವುದಿಲ್ಲ.

ಕಿತ್ತೂರಿನಲ್ಲಿ ನಡೆದುದನ್ನು ನೀವೆಲ್ಲ ಬಲ್ಲಿರಿ. ಆದರೂ ಮುಂದಿನ ವಾದಕ್ಕೆ ಬೇಕಾದಷ್ಟನ್ನು ನೆನಪಿಸುತ್ತೇನೆ. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ದತ್ತಕ ಮಾಡಿಕೊಂಡಿದ್ದಾನೆಂದು ಸಂಸ್ಥಾನ ಹೇಳಿತು. ಥ್ಯಾಕರೆ ಆ ದತ್ತಕವನ್ನು ನಂಬಲಿಲ್ಲ, ಒಪ್ಪಲೂ ಇಲ್ಲ. ತಾನೇ ಕಿತ್ತೂರಿಗೆ ಬಂದು ಭಂಡಾರಕ್ಕೆ ಮುದ್ರೆ ಹಾಕಿಸಿ ಕಾವಲಿಟ್ಟ. ಡಾಲ್‌ಹೌಸಿ ಈ ದೇಶಕ್ಕೆ ಬಂದು ದತ್ತಕಗಳನ್ನು ಅಲ್ಲಗಳೆದು ರಾಜ್ಯಗಳನ್ನು ನುಂಗಿದ್ದು 1848ರ ನಂತರ; ಆ ವಿದ್ಯೆಯ ಅಕ್ಷರಾಭ್ಯಾಸ ಅದಕ್ಕೆ 24 ವರ್ಷ ಮೊದಲೇ ನಮ್ಮ ಜಿಲ್ಲೆಯಲ್ಲಿ ಆಗಿತ್ತು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತು. ತೆರೆಯಲು ಗಡುವು ಕೊಟ್ಟ ಕಲೆಕ್ಟರ್, ಬಾಗಿಲು ತೆರೆದಾಗ ಹೊರನುಗ್ಗಿದ ಚೆನ್ನಮ್ಮನ ಸೈನ್ಯದ ಎದುರಿಗೆ ಬಿದ್ದ. ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದನೆಂದು ನಮ್ಮ ಜನ ಹೇಳುತ್ತ ಬಂದಿದ್ದಾರೆ. ಅವನ ಇಬ್ಬರು ಸಹಾಯಕರು, ಎಲಿಯಟ್ ಮತ್ತು ಸ್ಟೀವನ್ಸನ್, ಸೆರೆಯಾದರು. ಅವರ ಕೂದಲೂ ಕೊಂಕಲಿಲ್ಲ, ಮುಂದೆ ಅವರನ್ನು ಬಿಟ್ಟುಕೊಟ್ಟರು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ರಾಯಣ್ಣ ಬೀಡಿಯ ಕಚೇರಿ ಸುಟ್ಟು, 1831ರ ಜನವರಿಯಲ್ಲಿ ನಂದಗಡದಲ್ಲಿ ನೇಣಿಗೇರಿದ. ಬೀಡಿ, ನಂದಗಡ ಎರಡೂ ನಮ್ಮ ಖಾನಾಪುರ ತಾಲೂಕಿನವು.

ಈಗ ಜಗಳಕ್ಕೆ ಬರೋಣ.

ಥ್ಯಾಕರೆ ತನ್ನ ಜೀವನಚರಿತ್ರೆಯನ್ನು ಬರೆಯಕೂಡದೆಂದು ಮಕ್ಕಳಿಗೆ ಹೇಳಿ 1863ರಲ್ಲಿ ತೀರಿಕೊಂಡ. ಬರೆಯಬೇಡವೆಂದವನ ಬಗ್ಗೆಯೇ ಜನ ಹೆಚ್ಚು ಬರೆಯುತ್ತಾರೆ. ಗೆಳೆಯನಾಗಿದ್ದ ಆಂಥನಿ ಟ್ರಾಲಪ್ 1879ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಮಗಳು ಆನ್ ಥ್ಯಾಕರೆ ರಿಚಿ, ತಂದೆಯ ಮಾತನ್ನು ಮೀರದೆಯೂ ಮೀರುವ ಜಾಣ್ಮೆಯಿಂದ, ಅವನ ಸಮಗ್ರ ಕೃತಿಗಳ ಸಂಪುಟಗಳಿಗೆ ಜೀವನದ ವಿವರ ತುಂಬಿದ ಮುನ್ನುಡಿಗಳನ್ನು ಬರೆದಳು. ಲೂಯಿಸ್ ಮೆಲ್ವಿಲ್ ಬರೆದ. ಅಮೆರಿಕದ ಗಾರ್ಡನ್ ರೇ ಪತ್ರಗಳನ್ನು ನಾಲ್ಕು ಸಂಪುಟಗಳಲ್ಲಿ ಸಂಪಾದಿಸಿ, 1955 ಮತ್ತು 1958ರಲ್ಲಿ ಎರಡು ಭಾಗಗಳ ಬೃಹತ್ ಜೀವನಚರಿತ್ರೆಯನ್ನು ಹೊರತಂದ. ಜಾನ್ ಕ್ಯಾರಿ 1977ರಲ್ಲಿ, ಕ್ಯಾಥರಿನ್ ಪೀಟರ್ಸ್ 1987ರಲ್ಲಿ, ಡಿ. ಜೆ. ಟೇಲರ್ 1999ರಲ್ಲಿ ಬರೆದರು. ನಿವೃತ್ತಿಯ ನಂತರ ಇವುಗಳಲ್ಲಿ ನನ್ನ ಕೈಗೆ ದೊರೆತವುಗಳನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ಓದಿದೆ: ಕಾಕಾ ಎಲ್ಲಿ?

ಸಿಕ್ಕರೆ ಒಂದು ವಾಕ್ಯ. ಬಹಳವಾದರೆ ಎರಡು. ಹಿಂದೂಸ್ಥಾನಕ್ಕೆ ಹೋದ ಸಹೋದರರ ಪಟ್ಟಿಯಲ್ಲಿ ಒಬ್ಬ ನೇಪಾಳ ಯುದ್ಧದಲ್ಲಿ ಸತ್ತ, ಒಬ್ಬ ದಂಗೆಯೊಂದರಲ್ಲಿ ಹತನಾದ ಎಂದು ಮುಗಿಸಿ ಮುಂದಿನ ಪ್ಯಾರಾಕ್ಕೆ ನಡೆಯುತ್ತಾರೆ. ಅದೇ ಜೀವನಚರಿತ್ರೆಕಾರರು, ಬಾಲಕ ಥ್ಯಾಕರೆ ಇಂಗ್ಲೆಂಡಿಗೆ ಹೋಗುವಾಗ ಹಡಗು ಸೇಂಟ್ ಹೆಲೆನಾದಲ್ಲಿ ನಿಂತು, ಜೊತೆಗಿದ್ದ ಹಿಂದೂಸ್ಥಾನದ ಆಳು ಅವನನ್ನು ಕರೆದೊಯ್ದು ತೋಟದಲ್ಲಿ ಅಡ್ಡಾಡುತ್ತಿದ್ದ ಬೊನಾಪಾರ್ಟೆಯನ್ನು ತೋರಿಸಿದನೆಂಬ ಪ್ರಸಂಗವನ್ನು ಬಿಡದೆ ಹೇಳುತ್ತಾರೆ. ಐದು ವರ್ಷದ ಹುಡುಗ ದೂರದಿಂದ ಬೊನಾಪಾರ್ಟೆಯನ್ನು ಕಂಡದ್ದು ಜೀವನಚರಿತ್ರೆ. ಹದಿಮೂರು ವರ್ಷದ ಹುಡುಗ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಕುಳಿತಿದ್ದಾಗ ಅವನ ಕಾಕಾ ಸಂಸ್ಥಾನವೊಂದರ ಭಂಡಾರಕ್ಕೆ ಬೀಗ ಜಡಿಯಲು ಹೋಗಿ ಸತ್ತದ್ದು ಅಡಿಟಿಪ್ಪಣಿ! ಇದೆಂಥ ತಕ್ಕಡಿ?

ಮನೆತನದ ಗುಟ್ಟುಗಳಲ್ಲಿ ಇವರಿಗೆ ಆಸಕ್ತಿಯಿಲ್ಲವೆಂದಲ್ಲ. ತಂದೆ ರಿಚ್ಮಂಡನಿಗೆ ಮದುವೆಗೆ ಮುಂಚೆ ಕಲ್ಕತ್ತೆಯಲ್ಲಿ ಬೇರೊಬ್ಬ ಹೆಣ್ಣಿನಿಂದ ಹುಟ್ಟಿದ ಮಗಳಿದ್ದಳೆಂಬುದನ್ನು ಹೆಕ್ಕಿ ತೆಗೆದಿದ್ದಾರೆ. ಅದು ಒಳ್ಳೆಯ ಕೆಲಸವೇ, ಸತ್ಯ ಹೊರಬರಲಿ. ಆದರೆ ಮಲಗುವ ಕೋಣೆಯ ಸತ್ಯಕ್ಕಿರುವ ಬೆಲೆ ಕಚೇರಿಯ ಸತ್ಯಕ್ಕೆ ಏಕಿಲ್ಲ? ಆ ಮನೆತನ ಉಂಡ ಅನ್ನ ಬಂದದ್ದು ಕಚೇರಿಯಿಂದಲೇ ಅಲ್ಲವೆ?

ಹಂಟರ್ ಸಾಹೇಬನನ್ನು ಇದರಿಂದ ಹೊರಗಿಡಬೇಕು. ಅವನು ಕಿತ್ತೂರನ್ನು ಮರೆಯಲಿಲ್ಲ. ಆದರೆ ಅವನೂ ಸಾಮ್ರಾಜ್ಯದ ನೌಕರ. ಅವನ ಪಾಲಿಗೆ ಅದೊಂದು ದಂಗೆ, ಸತ್ತವನು ಕರ್ತವ್ಯದಲ್ಲಿ ಸತ್ತ ಅಧಿಕಾರಿ. ಕೋಟೆಯ ಒಳಗಿದ್ದವರಿಗೆ ಹೇಳುವುದೊಂದಿತ್ತೆಂಬ ಸಂಶಯವೇ ಆ ಬರವಣಿಗೆಗೆ ಬರುವುದಿಲ್ಲ.

ಇನ್ನು ವಿಮರ್ಶಕರು. 'ವ್ಯಾನಿಟಿ ಫೇರ್' ಓದಿದವರಿಗೆ ಜೋಸ್ ಸೆಡ್ಲಿ ನೆನಪಿರಬೇಕು. ಬಾಗ್ಲಿ ವಾಲ್ಲಾ ಎಂಬ, ಯಾವ ನಕಾಶೆಯಲ್ಲೂ ಇಲ್ಲದ ಜಿಲ್ಲೆಯ ಕಲೆಕ್ಟರ್ ಅವನು. ಢೇರಹೊಟ್ಟೆ, ಬಣ್ಣಬಣ್ಣದ ವಾಸ್ಕೋಟು, ಹುಲಿಬೇಟೆಯ ಬಡಾಯಿ, ಹೆಣ್ಣೆಂದರೆ ಪುಕ್ಕಲು. ವಾಟರ್ಲೂ ಯುದ್ಧದ ಸದ್ದು ಕೇಳಿ ಬ್ರಸೆಲ್ಸಿನಿಂದ ಪಲಾಯನ. ಓದುವಾಗ ನಾನೂ ಬಿದ್ದುಬಿದ್ದು ನಕ್ಕಿದ್ದೇನೆ, ನಿಮ್ಮನ್ನೂ ನಗಿಸಿದ್ದೇನೆ. ವಿಮರ್ಶಕರು ಈ ಪಾತ್ರದ ಹಾಸ್ಯವನ್ನು ಕೊಂಡಾಡಿ, ಇದರ ಮೂಲ ಯಾವ ಸೋದರಸಂಬಂಧಿ ಎಂದು ಚರ್ಚಿಸಿ, 'ಕಲೆಕ್ಟರ್' ಎಂಬ ಪದಕ್ಕೆ 'ಕಂದಾಯ ವಸೂಲಿ ಮಾಡುವ ಅಧಿಕಾರಿ' ಎಂದು ಅಡಿಟಿಪ್ಪಣಿ ಬರೆದು ಕೈತೊಳೆದುಕೊಳ್ಳುತ್ತಾರೆ.

ನನ್ನ ಪ್ರಶ್ನೆ ಸರಳ. ಆ ದಪ್ಪ ಕಾದಂಬರಿಯಲ್ಲಿ ಜೋಸ್ ಸೆಡ್ಲಿ ತಿನ್ನುವುದನ್ನು ಕಾಣುತ್ತೇವೆ, ಕುಡಿಯುವುದನ್ನು ಕಾಣುತ್ತೇವೆ, ಅಳುವುದನ್ನೂ ಕಾಣುತ್ತೇವೆ. ಅವನು ಕಲೆಕ್ಟರ್ ಕೆಲಸ ಮಾಡುವುದನ್ನು ಎಲ್ಲಿ ಕಾಣುತ್ತೇವೆ? ಎಲ್ಲಿಯೂ ಇಲ್ಲ. ಅವನ ಥೈಲಿ ತುಂಬುವುದು ಮಾತ್ರ ಕಾಣುತ್ತದೆ. ಕಲೆಕ್ಟರನೆಂದರೆ ಯಾರು, ಅವನ ಸಹಿಗೆ ಎಂಥ ಬಲವಿತ್ತು, ಅವನೊಂದು ಕಾಗದವನ್ನು 'ನಂಬುವುದಿಲ್ಲ' ಎಂದರೆ ಒಂದು ಸಂಸ್ಥಾನಕ್ಕೆ ಏನಾಗುತ್ತಿತ್ತು ಎಂಬುದು ತಿಳಿಯಬೇಕಾದರೆ ಬಾಗ್ಲಿ ವಾಲ್ಲಾಕ್ಕೆ ಹೋಗಿ ಪ್ರಯೋಜನವಿಲ್ಲ. ಬೆಳಗಾವಿಯಿಂದ ಧಾರವಾಡದ ಬಸ್ಸು ಹತ್ತಿ ಕಿತ್ತೂರಿನಲ್ಲಿ ಇಳಿಯಬೇಕು. ತಂದೆ ಕಲೆಕ್ಟರ್, ಕಾಕಾ ಕಲೆಕ್ಟರ್ ಆಗಿದ್ದವನು ಕಲೆಕ್ಟರನನ್ನು ವಿದೂಷಕನನ್ನಾಗಿ ಮಾಡಿದ. ಇದು ವಿಡಂಬನೆಯೋ, ನೋವನ್ನು ಮರೆಸುವ ಉಪಾಯವೋ, ಅಥವಾ ಕಾಣಬಾರದ್ದನ್ನು ಕಾಣದಿರುವ ಮನೆತನದ ಅಭ್ಯಾಸವೋ? ವಿಮರ್ಶೆ ಕೇಳಬೇಕಾದ ಪ್ರಶ್ನೆ ಇದು. ಅಮೆರಿಕದ ಪ್ಯಾಟ್ರಿಕ್ ಬ್ರ್ಯಾಂಟ್ಲಿಂಗರ್ 1988ರ ತನ್ನ ಗ್ರಂಥದಲ್ಲಿ 'ಥ್ಯಾಕರೆಯ ಇಂಡಿಯಾ' ಎಂದೇ ಒಂದು ಅಧ್ಯಾಯ ಬರೆದ; ಅಷ್ಟರ ಮಟ್ಟಿಗೆ ಅವನಿಗೆ ಋಣಿಯಾಗಿರೋಣ. ಪ್ರಶ್ನೆ ಕೇಳಬಹುದೆಂದು ಅವನು ತೋರಿಸಿದ. ನಮ್ಮ ಊರಿನ ಉತ್ತರವನ್ನು ಅವನೇ ಬಂದು ಬರೆಯಬೇಕೆಂದು ಕಾಯುವುದು ನಮಗೆ ಶೋಭೆಯಲ್ಲ.

ಹಣದ ವಿಷಯದಲ್ಲಾದರೆ ಇವರೆಲ್ಲ ಬಲು ಚುರುಕು. ತಂದೆ ಬಿಟ್ಟುಹೋದ ಆಸ್ತಿಯ ಬಹುಭಾಗ 1830ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಏಜೆನ್ಸಿ ಹೌಸುಗಳು ದಿವಾಳಿಯೆದ್ದಾಗ ಮುಳುಗಿತು. ಆದ್ದರಿಂದ ಥ್ಯಾಕರೆ ಲೇಖನಿಯಿಂದ ಹೊಟ್ಟೆ ಹೊರೆಯಬೇಕಾಯಿತು. ಆ ಕಹಿಯೇ 'ದಿ ನ್ಯೂಕಮ್ಸ್' ಕಾದಂಬರಿಯ ಬುಂದೇಲಖಂಡ ಬ್ಯಾಂಕಿನ ಕಥೆಯಾಯಿತು ಎಂದು ವಿವರವಾಗಿ ಬರೆಯುತ್ತಾರೆ. ಹಣ ಹೇಗೆ ಹೋಯಿತೆಂಬುದಕ್ಕೆ ಅಧ್ಯಾಯ. ಹೇಗೆ ಬಂತೆಂಬುದಕ್ಕೆ ಮೌನ. ಕಳೆದುಕೊಂಡವನ ದುಃಖವನ್ನು ಬರೆಯುವವರು, ಅದಕ್ಕೆ ಮೊದಲು ಕಳೆದುಕೊಂಡವರು ಬೇರೆ ಇದ್ದರೆಂಬುದನ್ನು ಒಂದು ಪುಟದಲ್ಲಾದರೂ ಹೇಳಬಾರದೆ?

ನನ್ನ ವಾದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, "ಕೃತಿ ಮುಖ್ಯ, ಕರ್ತೃವಿನ ಬಂಧುಬಳಗ ಮುಖ್ಯವಲ್ಲ" ಎಂಬುದು. ಹಂಟರನ ಪುಸ್ತಕ ಓದಿದ ಹೊಸತರಲ್ಲಿ ಉತ್ಸಾಹದಿಂದ ಹಿರಿಯ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರಿಗೆ ಈ ಸಂಗತಿಯನ್ನು ಹೇಳಿದೆ. ಅವರು ನಕ್ಕು, "ಮಾಸ್ತರ, ಇದು ಗೆಝೆಟಿಯರ್ ಆತು, ಸಾಹಿತ್ಯ ಆಗಲಿಲ್ಲ" ಎಂದರು. ಒಂದೂವರೆ ದಶಕದ ಹಿಂದೆ ನಾನು ಆ ಹುಡುಗನಿಗೆ ಮಾಡಿದ್ದನ್ನೇ ಅವರು ನನಗೆ ಮಾಡಿದರು, ಲೆಕ್ಕ ಸರಿಹೋಯಿತು! ಆದರೆ ಅವರಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡುತ್ತೇನೆ. ಕೃತಿಯೇ ಸಾಕೆನ್ನುವುದಾದರೆ ಬೊನಾಪಾರ್ಟೆಯೂ ಬೇಡ, ಹೆಂಡತಿಯ ಬುದ್ಧಿಭ್ರಮಣೆಯೂ ಬೇಡ, ಗೆಳೆಯ ಬ್ರೂಕ್‌ಫೀಲ್ಡನ ಹೆಂಡತಿಯ ಮೇಲಿದ್ದ ಮೋಹವೂ ಬೇಡ. ಅವುಗಳನ್ನೆಲ್ಲ ತರಗತಿಯಲ್ಲಿ ಬಾಯಿ ಚಪ್ಪರಿಸಿ ಹೇಳಿ, ಕಿತ್ತೂರು ಬಂದಾಗ ಮಾತ್ರ ಕೃತಿನಿಷ್ಠೆಯ ವ್ರತ ಹಿಡಿಯುವುದು ಯಾವ ನ್ಯಾಯ?

ಎರಡನೆಯದು, ಹದಿಮೂರು ವರ್ಷದ ಹುಡುಗನಿಗೂ ಕಿತ್ತೂರಿಗೂ ಏನು ಸಂಬಂಧ ಎಂಬುದು. ಇದು ನ್ಯಾಯವಾದ ಮಾತು. ಜೋಸ್ ಸೆಡ್ಲಿಯೇ ಸೇಂಟ್ ಜಾನ್ ಎಂದು ನಾನು ಹೇಳುತ್ತಿಲ್ಲ. ಕಾಕಾನ ಪಾಪಕ್ಕೆ ಮಗನನ್ನು ಕಟಕಟೆಗೆ ಏರಿಸಬೇಕೆಂದೂ ಇಲ್ಲ. ನಾನು ಕೇಳುವುದು ಶಿಕ್ಷೆಯನ್ನಲ್ಲ, ಒಂದು ಪುಟವನ್ನು. ಮನುಷ್ಯನ ಜೀವನ ಬರೆಯಲು ಹೊರಟವನು ಅವನ ಮನೆಯ ಅಡಿಪಾಯಕ್ಕೆ ಕಲ್ಲು ಯಾವ ಗುಡ್ಡದಿಂದ ಬಂತೆಂದು ನೋಡಬೇಕು. ಆ ಗುಡ್ಡದಲ್ಲಿ ಮನುಷ್ಯರು ವಾಸವಾಗಿದ್ದರೆ ಅವರ ಹೆಸರನ್ನೂ ಹೇಳಬೇಕು.

ಮೂರನೆಯದು ನಮ್ಮವರದೇ: "ಚೆನ್ನಮ್ಮನ ವೈರಿಯ ಮನೆತನದ ಪುರಾಣ ನಮಗ್ಯಾಕ?" ಈ ಮಾತಿನಲ್ಲಿ ಅಭಿಮಾನವಿದೆ, ಆದರೆ ದೂರದೃಷ್ಟಿಯಿಲ್ಲ. 1961ರ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ, ನಮ್ಮ ಶಾಲೆಯ ಸ್ನೇಹಸಮ್ಮೇಳನದ ನಾಟಕಗಳಲ್ಲಿ ಥ್ಯಾಕರೆಯೆಂದರೆ ಮೀಸೆ ತಿರುವಿ ಅಬ್ಬರಿಸುವ ಖಳ. ಅವನು ಎಲ್ಲಿಂದಲೋ ಬರುತ್ತಾನೆ, ಗುಂಡು ತಿನ್ನುತ್ತಾನೆ, ನಾವು ಚಪ್ಪಾಳೆ ತಟ್ಟುತ್ತೇವೆ. ಖಳನಿಗೆ ಮನೆಯಿಲ್ಲ, ತಾಯ್ತಂದೆಯಿಲ್ಲ, ಅಣ್ಣನ ಮಗನಿಲ್ಲ. ಹೀಗಾದಾಗ ಚೆನ್ನಮ್ಮನ ಗೆಲುವೂ ಚಿಕ್ಕದಾಗುತ್ತದೆ. ಅವಳು ಎದುರಿಸಿದ್ದು ಒಬ್ಬ ಸಿಟ್ಟಿನ ಸಾಹೇಬನನ್ನಲ್ಲ. ಎರಡು ತಲೆಮಾರು ಈ ದೇಶದ ಕಚೇರಿಗಳಲ್ಲಿ ಬೆಳೆದ, ಅಣ್ಣ ಬಂಗಾಳದಲ್ಲಿ, ಇನ್ನೊಬ್ಬ ಮದ್ರಾಸಿನಲ್ಲಿ ಎಂದು ಹಬ್ಬಿದ ಒಂದು ಇಡೀ ವ್ಯವಸ್ಥೆಯನ್ನು. ಮುಂದೆ ಜಗತ್ತಿನ ವಿಶ್ವವಿದ್ಯಾಲಯಗಳು ಓದುವ ಕಾದಂಬರಿಗಳನ್ನೂ ಆ ಮನೆತನವೇ ಹೆತ್ತಿತೆಂದು ತಿಳಿದಾಗ, ಕಿತ್ತೂರಿನ ಬಾಗಿಲು ಎಷ್ಟು ದೊಡ್ಡದರ ಮುಖಕ್ಕೆ ಮುಚ್ಚಿತ್ತೆಂಬುದು ಅರ್ಥವಾಗುತ್ತದೆ.

ವೈರಿಯನ್ನು ತಿಳಿಯುವುದರಿಂದ ಕೆಡುಕಾಗುವುದಿಲ್ಲ ಎಂಬುದಕ್ಕೆ ಕಿತ್ತೂರಿನಲ್ಲೇ ಸಾಕ್ಷಿಯಿದೆ. ಅಂದು ಸೆರೆಸಿಕ್ಕ ಎಲಿಯಟ್ ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಹೆಸರಾಗಿ, ಕರ್ನಾಟಕದ ನೂರಾರು ಶಾಸನಗಳ ಪ್ರತಿ ಮಾಡಿಸಿದ. ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥ ಬರೆದ. ಕಿತ್ತೂರಿನ ಜನ ಕೈಗೆ ಸಿಕ್ಕ ಶತ್ರುವನ್ನು ಕೊಲ್ಲದೆ ಬಿಟ್ಟದ್ದರ ಫಲ ನಮ್ಮ ಇತಿಹಾಸಕ್ಕೇ ದೊರೆಯಿತು. ಮುಂದೆ ಫ್ಲೀಟ್ ಸಾಹೇಬ ರಾಯಣ್ಣನ ಲಾವಣಿಯನ್ನು ಬರೆಸಿಕೊಂಡು 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದ. ತಮ್ಮನ್ನು ಬೈಯುವ ಹಾಡನ್ನೂ ಅವರು ಕೂಡಿಸಿಟ್ಟುಕೊಂಡರು. ನಾವು ಅವರ ಕಾದಂಬರಿಯ ಒಂದು ಅಡಿಟಿಪ್ಪಣಿಯನ್ನು ತಿದ್ದಲೂ ಹಿಂಜರಿಯುತ್ತೇವೆ.

ಈ ಜಗಳದಲ್ಲಿ ಹೆಚ್ಚಿನ ತಪ್ಪು ನಮ್ಮದೇ. ಲಂಡನ್ನಿನಲ್ಲಿ ಕುಳಿತು ಬರೆಯುವವನಿಗೆ ಕಿತ್ತೂರು ದೂರ. ನಮಗೆ ಅದು ಬಸ್ಸಿನ ದಾರಿಯಲ್ಲಿದೆ. ನಮ್ಮ ಕಾಲೇಜುಗಳಲ್ಲಿ ಒಂದು ಕೋಣೆಯಲ್ಲಿ ಇತಿಹಾಸ, ಇನ್ನೊಂದು ಕೋಣೆಯಲ್ಲಿ ಇಂಗ್ಲಿಷ್ ಸಾಹಿತ್ಯ, ನಡುವೆ ಗೋಡೆ. ಒಂದರಲ್ಲಿ ಥ್ಯಾಕರೆ ಸಾಯುತ್ತಾನೆ, ಇನ್ನೊಂದರಲ್ಲಿ ಥ್ಯಾಕರೆ ನಗಿಸುತ್ತಾನೆ. ನನ್ನ ಸಂಗತಿಯಂತೂ ಇನ್ನೂ ಹೀನ: ನಾನು ಎರಡೂ ವಿಷಯಗಳನ್ನು ಒಂದೇ ಕೋಣೆಯಲ್ಲಿ, ಒಂದೇ ಹಲಗೆಯ ಮೇಲೆ ಕಲಿಸುತ್ತಿದ್ದೆ. ಗೋಡೆ ಇದ್ದದ್ದು ನನ್ನ ತಲೆಯಲ್ಲಿ. ಬೆಂಚಿನ ಮೇಲೆ ಕುಳಿತ ಹುಡುಗ ಅದನ್ನು ಒಡೆಯಲು ಬಂದರೆ ಅವನನ್ನೇ ಕೂಡ್ರಿಸಿದೆ. ಅವನಿಗೆ ಆ ಗೋಡೆ ಇರಲಿಲ್ಲ, ಏಕೆಂದರೆ ನಂದಗಡದಲ್ಲಿ ರಾಯಣ್ಣನ ಸಮಾಧಿಯ ಆಲದ ಮರವನ್ನು ನೋಡುತ್ತ ಬೆಳೆದವನಿಗೆ ಥ್ಯಾಕರೆ ಎಂಬುದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ, ಊರಿನ ಸುದ್ದಿಯಾಗಿತ್ತು.

ನಿಮ್ಮ ಪೈಕಿ ಐದಾರು ಜನ ಇಂದು ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೀರಿ. ಒಬ್ಬಿಬ್ಬರು ಸಂಶೋಧನೆಗೆ ವಿಷಯ ಹುಡುಕುತ್ತಿದ್ದೀರಿ. ಥ್ಯಾಕರೆಯ ವ್ಯಂಗ್ಯದ ಬಗೆಗೆ ಇನ್ನೊಂದು ಪ್ರಬಂಧ ಬೇಡ, ಅದು ಸಾಕಷ್ಟಾಗಿದೆ. ಸೇಂಟ್ ಜಾನ್ ಥ್ಯಾಕರೆಯ ಕಚೇರಿಯ ಪತ್ರಗಳು, ಕಿತ್ತೂರಿನ ಲಾವಣಿಗಳು, 'ವ್ಯಾನಿಟಿ ಫೇರ್' ಮತ್ತು 'ದಿ ನ್ಯೂಕಮ್ಸ್' ಇವನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಕೂಡಿರಿ. ಕನ್ನಡವನ್ನೂ ಇಂಗ್ಲಿಷನ್ನೂ ಓದಬಲ್ಲ ನಿಮ್ಮಂಥವರು ಬರೆಯದಿದ್ದರೆ ಇದನ್ನು ಬೇರೆ ಯಾರೂ ಬರೆಯಲಾರರು. ಕಿತ್ತೂರಿನ ಆ ದಿನಕ್ಕೆ 2024ರಲ್ಲಿ ಇನ್ನೂರು ವರ್ಷ ತುಂಬಿದವು. ಉತ್ಸವ ಆಯಿತು, ಮೆರವಣಿಗೆ ಆಯಿತು. ಪುಟ ಮಾತ್ರ ಇನ್ನೂ ಬರೆಯಬೇಕಾಗಿದೆ.

ಕೊನೆಯದಾಗಿ ಆ ಹುಡುಗನಿಗೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂದು ತರಗತಿಯಲ್ಲಿದ್ದವರಿಗೆ ಗೊತ್ತು, ಅವನಿಗಂತೂ ಗೊತ್ತೇ ಇದೆ. ಹತ್ತನೆಯ ತರಗತಿಯ ನಂತರ ಓದು ಬಿಟ್ಟು ಹೊಲ ನೋಡಿಕೊಂಡನೆಂದು ಕೇಳಿದ್ದೇನೆ. ಇದನ್ನು ಓದುವ ನಿಮ್ಮಲ್ಲಿ ಯಾರಿಗಾದರೂ ಅವನು ಖಾನಾಪುರದ ಸಂತೆಯಲ್ಲೋ ಬಸ್ಸಿನಲ್ಲೋ ಸಿಕ್ಕರೆ ನನ್ನ ಮಾತಾಗಿ ಇಷ್ಟು ಹೇಳಿರಿ: "ತಮ್ಮಾ, ನೀ ಅಂದದ್ದು ಖರೇ ಇತ್ತು. ಅವರ ಮಂದಿನ ಅದು. ಮಾಸ್ತರಗ ಗೊತ್ತಿರಲಿಲ್ಲ."